ಮೇಷ್ಟ್ರ ಹತ್ತು ಕಿಲೋಮೀಟರ್

ಹಲ್ಲು ಮೇಷ್ಟ್ರು ಜನ್ಮದಲ್ಲಿ ಯಾರಿಗೂ ಒಂದಕ್ಷರ ಕಲಿಸಿದವರಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂಬದಿಗೆ ಒಂದೇ ಕಿಟಕಿಯ ಉದ್ದನೆಯ ಕೋಣೆಯೊಂದಿತ್ತು. ಅಲ್ಲಿ ಕೂತು ಇಪ್ಪತ್ತೇಳು ವರ್ಷದಿಂದ ಹಲ್ಲಿನ ಸೆಟ್ಟು ಮಾಡುತ್ತಿದ್ದರು. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣ ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುವುದು ಅವರ ಕೆಲಸ. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡುವುದನ್ನೂ, ಅಳೆದು ತೂಗಿ ಮಾತಾಡುವುದನ್ನೂ ಕಂಡು ಯಾರೋ ಒಮ್ಮೆ ಮೇಷ್ಟ್ರೇ ಅಂದರು, ಅದೇ ಗಟ್ಟಿಯಾಯಿತು. ಬಸ್ಸಿನಲ್ಲೋ ಅಂಗಡಿಯಲ್ಲೋ ಯಾರಾದರೂ ನಕ್ಕರೆ ಅವರ ಕಣ್ಣು ಮೊದಲು ಹೋಗುತ್ತಿದ್ದುದು ಹಲ್ಲಿಗೆ. ತಮ್ಮ ಕೈಕೆಲಸವಾದರೆ ಎರಡು ಸಾಲನ್ನೂ ನೋಡಿ, ಎಡಗಡೆ ಚೂರು ಎತ್ತರವಾಯಿತೇನೋ ಎಂದು ಮನೆ ತಲುಪುವವರೆಗೂ ತಲೆ ಕೆಡಿಸಿಕೊಳ್ಳುತ್ತಿದ್ದರು.

ಅದೆಲ್ಲ ಮೊದಲಿನ ಮಾತು. ಹೆಂಡತಿ ತೀರಿಕೊಂಡು ಹತ್ತೊಂಬತ್ತು ತಿಂಗಳಾಗಿತ್ತು. ಹೊಟ್ಟೆಯ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೇ ಕೈಮೀರಿತ್ತು. ನಾಲ್ಕು ತಿಂಗಳು ಆಸ್ಪತ್ರೆಗೂ ಮನೆಗೂ ಓಡಾಡಿದರು, ಕೊನೆಯ ನಲವತ್ತೊಂದು ದಿನ ಆಸ್ಪತ್ರೆಯಲ್ಲೇ ಕಳೆದರು. ಆಕೆ ಹೋದ ದಿನ ಮೇಷ್ಟ್ರು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದರು, ನೀರು ಕೊಟ್ಟರು. ಎಲ್ಲ ಮುಗಿದ ಮೇಲೆ ಕುರ್ಚಿಗಳನ್ನು ಎಣಿಸಿ, ತಂದಲ್ಲಿಗೇ ಮುಟ್ಟಿಸಿ ಬಂದರು. ಆರನೆಯ ದಿನ ಕೆಲಸಕ್ಕೆ ಕೂತರು. "ಗಟ್ಟಿ ಮನುಷ್ಯ" ಎಂದು ನೆಂಟರು ಹೊಗಳಿದರು. ಗಟ್ಟಿಯೂ ಇಲ್ಲ ಗಿಟ್ಟಿಯೂ ಇಲ್ಲ ಎಂಬುದು ಮೇಷ್ಟ್ರಿಗೊಬ್ಬರಿಗೇ ಗೊತ್ತಿತ್ತು. ವಸಡಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿದರೆ ಯಾರದೋ ಕೆನ್ನೆ ಮುಟ್ಟಿದ ಹಾಗಾಗುತ್ತದಲ್ಲ, ಹಾಗಿತ್ತು ಒಳಗೆ. ಈ ಇಂಜೆಕ್ಷನ್ ಮಾತ್ರ ಇಳಿಯಲೇ ಇಲ್ಲ.

ಮನೆಯಲ್ಲಿ ಉಳಿದವರು ಅವರು ಮತ್ತು ಮಗಳು. ಮಗಳು ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಜನರ ಜೊತೆ ಬಾಯಿ ಬಡಿದುಕೊಂಡು ಬಂದು, ಮನೆಯಲ್ಲಿ ಗೋಡೆಯ ಜೊತೆ ಮಾತಾಡುವುದೇ ಆಗಿತ್ತು ಅವಳ ಪಾಡು. ಒಂದು ದಿನ ಬೆಳಿಗ್ಗೆ ಅಪ್ಪನ ತಟ್ಟೆಗೆ ಮೊಟ್ಟೆ ಹುರಿದು ಹಾಕಿ ಎದುರಿಗೇ ಕೂತಳು. ಅವರು ತಿಂದು ಮುಗಿಸಿ ತಟ್ಟೆ ತೊಳೆದಿಟ್ಟರು.

"ಹೇಗಿತ್ತು ಅಪ್ಪ?"

"ಚೆನ್ನಾಗಿತ್ತು."

"ಅದಕ್ಕೆ ನಾನು ಉಪ್ಪೇ ಹಾಕಿರಲಿಲ್ಲ. ಈ ವಾರದಲ್ಲಿ ಇದು ಮೂರನೇ ಸಲ."

ಮೇಷ್ಟ್ರು "ನಾಳೆ ಹಾಕು" ಅಂದರು. ಮಗಳು ಎದ್ದು ಹೋದಳು. ಬಚ್ಚಲಿನ ನಲ್ಲಿ ತುಂಬಾ ಹೊತ್ತು ಸುರಿಯಿತು.

ಇಂಥ ದಿನಗಳಲ್ಲೇ ಕಂಡಕ್ಟರಮ್ಮ ಅವರ ಬದುಕಿಗೆ ಬಂದದ್ದು. ಆಕೆ ಸಿಟಿ ಬಸ್ಸಿನ ಕಂಡಕ್ಟರು, ವಯಸ್ಸು ನಲವತ್ತಾರು. ಬಾಯಿಯ ಅಂಗುಳದಲ್ಲಿ ಗಂಟು ಬೆಳೆದು, ಆಪರೇಷನ್ ಮಾಡಿ ಮೇಲ್ದವಡೆಯ ಅರ್ಧವನ್ನೇ ತೆಗೆದಿದ್ದರು. ಜೀವ ಉಳಿಯಿತು, ಅಂಗುಳದಲ್ಲಿ ತೂತು ಉಳಿಯಿತು. ನೀರು ಕುಡಿದರೆ ಮೂಗಿನಿಂದ ಬರುತ್ತಿತ್ತು, ಮಾತಾಡಿದರೆ ಬರೀ ಗಾಳಿ. ಹದಿನೆಂಟು ವರ್ಷ ಗಂಟಲಿನಿಂದಲೇ ಬಸ್ಸು ಓಡಿಸಿದವಳು ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಕ್ಲಿನಿಕ್ಕಿಗೆ ಬಂದಿದ್ದಳು. ಆ ತೂತು ಮುಚ್ಚುವ ಪ್ಲೇಟನ್ನು ಮೇಷ್ಟ್ರು ಹನ್ನೆರಡು ದಿನ ಕೂತು ಮಾಡಿದರು. ಮೇಲೆ ತೂತಿನೊಳಗೆ ಕೂರುವ ಬುಗುರಿಯಂಥ ಗುಬುಟು, ಕೆಳಗೆ ಹಲ್ಲಿನ ಸಾಲು, ಪಕ್ಕದಲ್ಲಿ ಹಿಡಿದು ನಿಲ್ಲಲು ತಂತಿಯ ಕೊಕ್ಕೆ. ಬಾಯಿಗೆ ಕೂರಿಸಿದ ಮೇಲೆ ಡಾಕ್ಟರು "ಏನಾದ್ರೂ ಹೇಳಿ ನೋಡೋಣ" ಅಂದರೆ, ಆಕೆ ಒಂದು ಕ್ಷಣ ಯೋಚಿಸಿ, "ಸ್ವಲ್ಪ ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ!" ಎಂದು ಕೂಗಿದಳು. ಹೊರಗೆ ಕಾಯುತ್ತಿದ್ದವರಲ್ಲಿ ಇಬ್ಬರು ಎದ್ದು ನಿಂತರಂತೆ. ಕ್ಲಿನಿಕ್ಕಿಗೆ ಕ್ಲಿನಿಕ್ಕೇ ನಕ್ಕಿತು. ಮೇಷ್ಟ್ರು ಮಾತ್ರ 'ಸ'ಕಾರದಲ್ಲಿ ಗಾಳಿ ಸೋರುತ್ತಿದೆ, ಹಿಂಬದಿ ಅರ್ಧ ಮಿಲಿಮೀಟರ್ ಏರಿಸಬೇಕು ಎಂದು ಚೀಟಿಯಲ್ಲಿ ಬರೆದುಕೊಂಡರು.

ಗಾಯ ಮಾಗುತ್ತಾ ಹೋದ ಹಾಗೆ ಪ್ಲೇಟು ಅಲ್ಲಿ ಇಲ್ಲಿ ಒತ್ತುತ್ತಿತ್ತು. ತಿಂಗಳಿಗೊಮ್ಮೆ ಬಂದು ಉಜ್ಜಿಸಿಕೊಂಡು ಹೋಗುವಳು. ಹಾಗೆ ಬಂದ ಒಂದು ದಿನ, ಮೇಷ್ಟ್ರ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತು ಹೇಳಿದಳು:

"ಮೇಷ್ಟ್ರೇ, ಹೋದ ವರ್ಷ ಆಸ್ಪತ್ರೆ ಕಿಟಕಿ ಹತ್ರ ನಿಂತಿದ್ದೆ. ಮೂಗಲ್ಲಿ ನಳಿಗೆ. ಕೆಳಗಡೆ ರಸ್ತೆಲಿ ಸಾವಿರಾರು ಜನ ಓಡ್ತಿದ್ರು. ಯಾರಾದ್ರೂ ಅಟ್ಟಿಸಿಕೊಂಡು ಬರ್ತಿದಾರಾ ಅಂತ ನರ್ಸ್‌ಗೆ ಬರೆದು ಕೇಳಿದೆ. ಇಲ್ಲ, ಆಸ್ಪತ್ರೆಗೆ ದುಡ್ಡು ಕೂಡಿಸಕ್ಕೆ ವರ್ಷಕ್ಕೊಂದು ಸಲ ಹೀಗೆ ಓಡ್ತಾರೆ ಅಂದ್ರು. ಮುಂದಿನ ವರ್ಷ ಇದ್ರೆ ಇವರ ಹಿಂದೆ ನಾನೂ ಅಂತ ಅಂದ್ಕೊಂಡೆ. ಇದ್ದೀನಲ್ಲ, ನೋಡಿ."

"ಒಳ್ಳೇದು."

"ಈ ಸಲ ಬರೋ ದುಡ್ಡಲ್ಲಿ ರೋಗಿಗಳ ಕಡೆಯವರು ಮಲಗಕ್ಕೆ ಕೋಣೆ ಕಟ್ಟಿಸ್ತಾರಂತೆ. ಪಾಪ, ಬೆಂಚಿನ ಮೇಲೆ ಮುದುಡಿಕೊಂಡು ಬಿದ್ದಿರ್ತಾರೆ ಜನ."

ಹೇಳಿ ಮುಗಿಸಿ ಪ್ಲೇಟು ಬಿಚ್ಚಿ ಕೊಟ್ಟಳು. ಮೇಷ್ಟ್ರ ಕೈಯಲ್ಲಿ ಉಜ್ಜುವ ಯಂತ್ರ ತಿರುಗಿತು. "ಗೊತ್ತು. ಎರಡನೇ ಮಹಡಿ. ಮಧ್ಯದ ಬೆಂಚಿಗೆ ಒಂದು ಹಲಗೆ ಇಲ್ಲ. ನಾನು ನಲವತ್ತೊಂದು ದಿನ ಅದರ ಮೇಲೆ ಮಲಗಿದ್ದೆ."

ಕಂಡಕ್ಟರಮ್ಮ ಯಾರಿಗೋಸ್ಕರ ಎಂದು ಬರೆದು ಕೇಳಲಿಲ್ಲ. ಪ್ಲೇಟು ತೊಳೆದು ಕೈಗೆ ಕೊಟ್ಟಾಗ, ಬಾಯಿಗೆ ಹಾಕಿಕೊಂಡು, "ಹಾಗಾದ್ರೆ ನೀವೂ ಬನ್ನಿ. ಹತ್ತು ಕಿಲೋಮೀಟರು. ಮೂರು ತಿಂಗಳಿದೆ" ಅಂದಳು.

ಬರಲ್ಲ ಅನ್ನುವುದಕ್ಕೆ ಒಂದು ಕಾರಣ ಬೇಕು. ಹುಡುಕಿದರು, ಸಿಗಲಿಲ್ಲ. "ಆಯ್ತು" ಅಂದರು. ಯಾರಾದರೂ ಆರ್ಡರ್ ಚೀಟಿ ಕೊಟ್ಟು ಬಾವಿಗೆ ಹಾರಿ ಎಂದಿದ್ದರೂ ಬಹುಶಃ ಇದೇ ದನಿಯಲ್ಲಿ ಆಯ್ತು ಅನ್ನುತ್ತಿದ್ದರು.

ಸುದ್ದಿ ಕೇಳಿದ ಮಗಳು ಬಿದ್ದೂ ಬಿದ್ದೂ ನಕ್ಕಳು. "ಅಪ್ಪಾ, ಬಸ್ಸು ಹೊರಟ್ರೂ ನೀನು ಓಡೋನಲ್ಲ. ಇನ್ನೊಂದು ಬರುತ್ತೆ ಅಂತ ನಿಲ್ಲೋನು." ಆದರೂ ಮಾರನೆಯ ದಿನವೇ ಅಪ್ಪನನ್ನು ಎಳೆದುಕೊಂಡು ಹೋಗಿ ಶೂ ಕೊಡಿಸಿದಳು. ಕಡುಗಪ್ಪು ಬಣ್ಣದ್ದನ್ನು ಅವರು ಕೈಗೆತ್ತಿಕೊಂಡರೆ, ಅದನ್ನು ಕಸಿದಿಟ್ಟು ಕಿತ್ತಳೆ ಬಣ್ಣದ್ದನ್ನು ಕಾಲಿಗೆ ತೊಡಿಸಿದಳು.

ಬೆಳಿಗ್ಗೆ ಐದೂವರೆಗೆ ಬಸ್ ಡಿಪೋದ ಗೇಟಿನ ಹತ್ತಿರ ಸೇರುವುದು ಎಂದಾಯಿತು. ಕಂಡಕ್ಟರಮ್ಮನ ಲೆಕ್ಕ ಬಲು ಸರಳ. ಒಂದು ಸ್ಟಾಪಿನಿಂದ ಮುಂದಿನ ಸ್ಟಾಪಿಗೆ ಓಡು, ಅಲ್ಲಿಂದ ಮುಂದಿನದಕ್ಕೆ ನಡೆ. ಮೊದಲ ದಿನ ಡಿಪೋದಿಂದ ಬೇಕರಿ ಸ್ಟಾಪಿನವರೆಗೆ ಓಡಿದ್ದಕ್ಕೇ ಮೇಷ್ಟ್ರಿಗೆ ಏದುಸಿರು ಬಂತು. ಕಂಬ ಹಿಡಿದು ಬಗ್ಗಿ ನಿಂತರು. ಕಣ್ಣೆದುರು ಹುಳ ಹಾರಾಡಿತು.

"ಹಲ್ಲು ಕಚ್ಚಿಕೊಂಡು ಓಡಿ ಮೇಷ್ಟ್ರೇ," ಎಂದಳು ಆಕೆ. "ನೀವಾದ್ರೂ ಕಚ್ಚಿ. ನಂದು ಕಚ್ಚಿದ್ರೆ ನಿಮಗೇ ರಿಪೇರಿ ಕೆಲಸ."

ಎರಡು ವಾರ ಕಳೆದ ಮೇಲೆ ಮೂರು ಸ್ಟಾಪು ಒಂದೇ ಉಸಿರಿಗೆ ಓಡುವಷ್ಟಾಯಿತು. ಹಾಲಿನ ವ್ಯಾನಿನವನು ಕೈ ಎತ್ತುವುದಕ್ಕೆ ಶುರುಮಾಡಿದ. ನಾಯಿಗಳು ಮೊದಮೊದಲು ಅಟ್ಟಿಸಿಕೊಂಡು ಬಂದವು, ಈ ವೇಗಕ್ಕೆ ತಮ್ಮ ಮರ್ಯಾದೆ ಯಾಕೆ ಕಳೆದುಕೊಳ್ಳುವುದೆಂದು ಬಿಟ್ಟವು. ಮೇಷ್ಟ್ರ ಮೀನಖಂಡ ಕಲ್ಲಾಗಿತ್ತು, ಕಾಲ್ಬೆರಳಿನ ಉಗುರು ಕಪ್ಪಾಗಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಿತ್ತು. ಆ ನೋವನ್ನು ಅವರು ಕುತೂಹಲದಿಂದ ನೋಡಿದರು. ನೋವು ಕಾಲಲ್ಲಿ ಇತ್ತು, ಕಾಲಲ್ಲೇ ಇತ್ತು. ಅದಕ್ಕಿಂತ ಮೇಲೆ ಏರಲಿಲ್ಲ.

ಕಂಡಕ್ಟರಮ್ಮ ಓಡುವಾಗ ನೆಲವನ್ನೇ ನೋಡುತ್ತಾ ಓಡುವುದನ್ನು ಅವರು ಗಮನಿಸಿದ್ದರು. ಕೇಳಿದಾಗ ಹೇಳಿದಳು: "ಔಷಧಿ ಕೊಟ್ರಲ್ಲ, ಅದರಿಂದ ಪಾದ ಎರಡೂ ಜೋಮು ಹಿಡಿದ ಹಾಗೆ ಆಗಿಬಿಟ್ಟಿದೆ. ನೆಲ ಸಿಕ್ತೋ ಇಲ್ವೋ ಗೊತ್ತಾಗಲ್ಲ. ಅದಕ್ಕೇ ಕಣ್ಣಲ್ಲಿ ನೋಡಿಕೊಂಡು ಇಡೋದು. ನಿಮಗೆ ಕಾಲು ನೋಯುತ್ತಾ?"

"ಹೂಂ."

"ಪುಣ್ಯವಂತರು."

ಆಮೇಲೊಂದು ದಿನ, ನಡೆಯುವ ಸರದಿಯಲ್ಲಿ, ಕ್ಲಿನಿಕ್ಕಿನಲ್ಲಿ ವಿಷಯ ಕೇಳಿ ತಿಳಿದಿದ್ದವಳು, "ನಿಮ್ಮನೆಯವರು ಹೇಗಿದ್ರು ಮೇಷ್ಟ್ರೇ?" ಎಂದು ಕೇಳಿದಳು.

ಮೇಷ್ಟ್ರು ಹೇಳಲು ಹೊರಟರು. ಬಾಯಿಗೆ ಬಂದದ್ದು ಬೆಳಿಗ್ಗೆ ಆರಕ್ಕೆ ಬಿಳಿ ಮಾತ್ರೆ, ಎಂಟಕ್ಕೆ ಹಳದಿಯದು, ಹತ್ತಕ್ಕೆ ಡ್ರಿಪ್ಪು. ಎಡಗೈಯಲ್ಲಿ ನರ ಸಿಗುತ್ತಿರಲಿಲ್ಲ. ತೂಕ ಮೊದಲು ಐವತ್ತೆಂಟಿತ್ತು, ಕೊನೆಗೆ ಮೂವತ್ತಾರು. ಇಪ್ಪತ್ತೈದು ವರ್ಷ ಒಟ್ಟಿಗೆ ಬದುಕಿದ ಹೆಂಗಸನ್ನು ವರ್ಣಿಸು ಎಂದರೆ ಆಸ್ಪತ್ರೆಯ ಚಾರ್ಟು ಓದುತ್ತಿದ್ದರು. ಅದಕ್ಕೂ ಹಿಂದಿನ ಮುಖ ಎಷ್ಟು ತಡಕಿದರೂ ಕೈಗೆ ಸಿಗಲಿಲ್ಲ. ಮುಂದಿನ ಸ್ಟಾಪು ಬಂತು. "ಓಡೋಣ" ಅಂದಳು ಕಂಡಕ್ಟರಮ್ಮ. ಓಡಿದರು.

ಓಟಕ್ಕೆ ಒಂಬತ್ತು ದಿನ ಉಳಿದಿರುವಾಗ ಆ ಎಡವಟ್ಟು ನಡೆಯಿತು. ಲೈಬ್ರರಿಯ ತಿರುವಿನಲ್ಲಿ ಫುಟ್‌ಪಾತಿನ ಕಲ್ಲೊಂದು ಎದ್ದಿತ್ತು. ಕಂಡಕ್ಟರಮ್ಮನ ಕಣ್ಣು ಒಂದು ಗಳಿಗೆ ಸಿಗ್ನಲ್ಲಿನ ಕಡೆ ಹೋಯಿತು, ಕಾಲಿಗೆ ಕಲ್ಲಿನ ಸುಳಿವು ಸಿಗಲಿಲ್ಲ. ಮುಗ್ಗರಿಸಿ ಬಿದ್ದಳು. ಬಿದ್ದ ರಭಸಕ್ಕೆ ಪ್ಲೇಟು ಬಾಯಿಂದ ಹಾರಿ ರಸ್ತೆಗೆ ಉರುಳಿತು. ಮೇಷ್ಟ್ರು ಕೈ ಚಾಚುವಷ್ಟರಲ್ಲಿ ತರಕಾರಿ ವ್ಯಾನೊಂದು ಅದರ ಮೇಲೆ ಹಾದುಹೋಯಿತು. 'ಚಟ್' ಎಂದದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು.

ಮಂಡಿ ತರಚಿ ರಕ್ತ ಬರುತ್ತಿದ್ದರೂ ಕಂಡಕ್ಟರಮ್ಮ ಮಂಡಿ ಹಿಡಿದುಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಏನೋ ಹೇಳಿದಳು. ಬರೀ ಗಾಳಿ. ಮೇಷ್ಟ್ರು ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಬರುವ ಸ್ಕೂಟರುಗಳನ್ನು ಕೈಯಲ್ಲೇ ತಡೆದು, ಚೂರುಗಳನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. "ಬನ್ನಿ" ಅಂದರು.

ಡಾಕ್ಟರು ಊರಲ್ಲಿರಲಿಲ್ಲ, ಬರುವುದಕ್ಕೆ ಇನ್ನೂ ಮೂರು ದಿನ. ಹೊಸ ಅಚ್ಚು ತೆಗೆಯಬೇಕಾದವರು ಅವರೇ. ಅಲ್ಲಿಯವರೆಗೆ ಈಕೆ ನೀರು ಕುಡಿಯುವುದು ಹೇಗೆ? ಮೇಷ್ಟ್ರು ಕೋಣೆಯ ಬೀಗ ತೆಗೆದು, ದೀಪ ಹಾಕಿ, ಮೊದಲು ಆಕೆಯ ಮಂಡಿ ತೊಳೆದು ಪಟ್ಟಿ ಹಚ್ಚಿದರು. ಆಮೇಲೆ ಚೂರುಗಳನ್ನು ಬಿಳಿ ಕಾಗದದ ಮೇಲೆ ಹರಡಿದರು. ಗುಬುಟು ಉಳಿದಿತ್ತು. ಅಂಗುಳಕ್ಕೆ ಕೂರುವ ತಟ್ಟೆ ಮೂರು ಹೋಳಾಗಿತ್ತು, ಬೆರಳುಗುರಿನಷ್ಟು ಒಂದು ಚೂರು ಸಿಕ್ಕಿರಲಿಲ್ಲ. ಕಪಾಟಿನಲ್ಲಿ ಆಕೆಯ ಬಾಯಿಯ ಹಳೆಯ ಪ್ಲಾಸ್ಟರ್ ಅಚ್ಚು ಇತ್ತು. ಅದರ ಮೇಲೆ ಹೋಳುಗಳನ್ನು ಹೊಂದಿಸುತ್ತಾ ಕೂತರು.

ಸ್ಟೂಲಿನ ಮೇಲಿದ್ದ ಕಂಡಕ್ಟರಮ್ಮ ಆರ್ಡರ್ ಚೀಟಿಯ ಹಿಂಬದಿಯಲ್ಲಿ ಏನೋ ಬರೆದು ಮುಂದೆ ತಳ್ಳಿದಳು. "ಭಯ ಆಗ್ತಿದೆ."

"ಸರಿಯಾಗುತ್ತೆ. ಮೂರು ದಿನಕ್ಕೆ ಸಾಕಾಗೋ ಹಾಗೆ ಕೂರಿಸ್ತೀನಿ."

ತಲೆ ಅಲ್ಲಾಡಿಸಿ ಮತ್ತೆ ಬರೆದಳು. "ಪ್ಲೇಟಿಗಲ್ಲ. ಬಿದ್ದಾಗ ಮತ್ತೆ ಬಂತೇನೋ ಅನ್ನಿಸ್ತು. ದಿನಾ ಅನ್ನಿಸುತ್ತೆ. ಯಾರಿಗೂ ಹೇಳಿಲ್ಲ."

ಮೇಷ್ಟ್ರು ಓದಿದರು. ಚಿಕ್ಕ ಬಟ್ಟಲಲ್ಲಿ ಗುಲಾಬಿ ಬಣ್ಣದ ಪುಡಿಗೆ ದ್ರವ ಸುರಿದು ಕಲಸಲು ಹಿಡಿದರು. ಐದಾರು ನಿಮಿಷದಲ್ಲಿ ಕಲ್ಲಾಗುವ ಸರಕು ಅದು, ಅಷ್ಟರೊಳಗೆ ಬಿರುಕಿಗೆ ತುಂಬಬೇಕು. ಆಕೆ ಮೂರನೆಯ ಚೀಟಿ ತಳ್ಳಿದಳು.

"ನಿಮ್ಮನೆಯವರಿಗೂ ಭಯ ಇತ್ತಾ?"

ಮೇಷ್ಟ್ರ ಕೈ ನಿಂತಿತು. ಯೋಚಿಸಿದರು. ಮಾತ್ರೆಯ ಹೊತ್ತು ನೆನಪಿತ್ತು, ಡ್ರಿಪ್ಪಿನ ಹನಿಗಳ ಲೆಕ್ಕ ನೆನಪಿತ್ತು, ದಿಂಬಿನ ಎತ್ತರ ನೆನಪಿತ್ತು. ನಾಲ್ಕು ತಿಂಗಳು ಪಕ್ಕದಲ್ಲೇ ಇದ್ದರು. ನೋವಿದೆಯಾ ಎಂದು ಕೇಳಿದ್ದರು, ಬಾಯಾರಿಕೆಯಾ ಎಂದು ಕೇಳಿದ್ದರು, ಚಳಿಯಾಗುತ್ತಾ ಎಂದು ಕೇಳಿದ್ದರು.

"ನಾನು ಕೇಳಲೇ ಇಲ್ಲ," ಅಂದರು.

ಹಾಗಂದು ಕೂತೇ ಇದ್ದರು. ಕಿಟಕಿಯಾಚೆ ಯಾರೋ ಅಂಗಡಿಯ ಶಟರ್ ಎತ್ತುತ್ತಿದ್ದ ಸದ್ದು ಬಂತು. ಸ್ವಲ್ಪ ಹೊತ್ತಿನ ಮೇಲೆ ಕಂಡಕ್ಟರಮ್ಮ ಬಟ್ಟಲಿನ ಕಡೆ ಬೆರಳು ತೋರಿಸಿದಳು. ಕಲಸಿದ್ದು ಚಮಚದ ಸಮೇತ ಕಲ್ಲಾಗಿತ್ತು. ಇಪ್ಪತ್ತೇಳು ವರ್ಷದಲ್ಲಿ ಮೇಷ್ಟ್ರ ಕೈಯಲ್ಲಿ ಸರಕು ಹಾಗೆ ಹಾಳಾದದ್ದು ಅದೇ ಮೊದಲು. ಬೇರೆ ಬಟ್ಟಲು ತೆಗೆದು, ಹೊಸದಾಗಿ ಕಲಸಿ, ಬಿರುಕು ತುಂಬಿದರು. ಹನ್ನೊಂದು ಗಂಟೆಗೆ ಪ್ಲೇಟು ಬಾಯಿಗೆ ಕೂತಿತು. ಆಕೆ ನೀರು ಕುಡಿದಳು. ಮೂಗಿನಿಂದ ಎರಡೇ ಹನಿ ಬಂತು.

"ಸಾಕು ಮೇಷ್ಟ್ರೇ," ಅಂದಳು. ದನಿ ಒಡಕಾಗಿತ್ತು, ಮಾತು ತಿಳಿಯುತ್ತಿತ್ತು.

ಆ ಸಂಜೆ ಮಗಳು ಬಟ್ಟೆ ಮಡಚುತ್ತಿರುವಾಗ ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳಿದರು: "ನಿಮ್ಮಮ್ಮನಿಗೆ ಭಯ ಇತ್ತಾ?"

ಮಗಳ ಕೈಯಲ್ಲಿದ್ದ ಟವೆಲ್ಲು ಅರ್ಧಕ್ಕೇ ನಿಂತಿತು. "ಇತ್ತು. ತುಂಬಾ ಇತ್ತು. ನನ್ನ ಹತ್ರ ಹೇಳ್ತಿದ್ಲು. ನಿನಗೆ ಹೇಳಬೇಡ ಅಂದಿದ್ಲು."

"ಯಾಕೆ?"

"ನೀನು ಅದನ್ನೂ ರಿಪೇರಿ ಮಾಡಕ್ಕೆ ಕೂತ್ಕೋತೀಯ ಅಂತ."

ಮೇಷ್ಟ್ರು ತಲೆಯಾಡಿಸಿದರು. ಹೌದು, ಹಾಗೇ ಮಾಡುತ್ತಿದ್ದರು. ಮಗಳು ಅಳುತ್ತಿದ್ದಳು. ಅವರು ಹೋಗಿ ಹಾಸಿಗೆಯ ಅಂಚಿಗೆ ಕೂತು, ಟವೆಲಿನ ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಮಡಚಿದರು. ಅವರಿಗೆ ಅಳು ಬರಲಿಲ್ಲ. ಎದೆಯ ಮೇಲೆ ಯಾರೋ ಕೈಯಿಟ್ಟು ತೆಗೆದ ಹಾಗಾಯಿತು, ಅಷ್ಟೆ.

ಡಾಕ್ಟರು ಬಂದರು, ಹೊಸ ಅಚ್ಚು ತೆಗೆದರು, ಮೇಷ್ಟ್ರು ಹಗಲೂ ರಾತ್ರಿ ಕೂತು ಓಟಕ್ಕೆ ಎರಡು ದಿನ ಮೊದಲು ಹೊಸ ಪ್ಲೇಟು ಮುಗಿಸಿದರು. ಇನ್ನೂ ಹಗುರ, ಇನ್ನೂ ಬಿಗಿ. ಈ ಸಲ ಮೇಷ್ಟ್ರು ಕೊಕ್ಕೆಯನ್ನು ಎರಡು ಮಾಡಿದ್ದರು.

ಓಟದ ದಿನ ಮೋಡ ಮುಚ್ಚಿತ್ತು. ಎದೆಗೆ ನಂಬರ್ ಚೀಟಿ ಚುಚ್ಚಿಕೊಂಡ ಜನ ಮೈದಾನದ ತುಂಬಾ. ಮೈಕಿನವನು ಎಲ್ಲರಿಗೂ ಹುರುಪು ತುಂಬಲು ಗಂಟಲು ಹರಿದುಕೊಳ್ಳುತ್ತಿದ್ದ. "ಇವನಿಗಿಂತ ನಾನೇ ವಾಸಿ" ಎಂದಳು ಕಂಡಕ್ಟರಮ್ಮ. ಮಗಳು ಗೇಟಿನ ಹೊರಗೆ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಸೀಟಿ ಊದಿದರು. ಹುಡುಗು ಹುಪ್ಪಟೆಯೆಲ್ಲ ಬಾಣದ ಹಾಗೆ ಹೋದವು. ಇವರಿಬ್ಬರೂ ಹಿಂದಿನ ಗುಂಪಿನಲ್ಲಿ, ತಮ್ಮ ಪಾಡಿಗೆ ತಾವು.

ಆರನೆಯ ಕಿಲೋಮೀಟರಿಗೆ ಕಂಡಕ್ಟರಮ್ಮ "ನೀವು ಹೋಗಿ ಮೇಷ್ಟ್ರೇ, ನಾನು ನೋಡಿಕೊಂಡು ಬರ್ತೀನಿ" ಅಂದಳು. ನಿಲ್ಲುತ್ತೇನೆ ಅಂದರೆ ಬೈದಳು. ಅವರು ಹೋದರು. ಏಳನೆಯ ಕಿಲೋಮೀಟರಿನಲ್ಲಿ ದಾರಿ ಆಸ್ಪತ್ರೆಯ ಮುಂದೆ ತಿರುಗಿತು. ಎರಡನೆಯ ಮಹಡಿಯ ಕಿಟಕಿಗಳಲ್ಲಿ ಕೆಲವು ಮುಖಗಳಿದ್ದವು. ಇಲ್ಲಿಗೆ ಬಂದಾಗ ಏನಾದರೂ ಆಗುತ್ತದೆ ಎಂದು ಮೂರು ತಿಂಗಳಿನಿಂದ ಅವರು ಒಳಗೊಳಗೇ ಕಾದಿದ್ದರು. ಕಾಲು ಕುಸಿಯಬಹುದು, ಕಣ್ಣು ತುಂಬಬಹುದು. ಏನೂ ಆಗಲಿಲ್ಲ. ಆಸ್ಪತ್ರೆ ಒಂದು ಕಟ್ಟಡವಾಗಿತ್ತು, ಹಳದಿ ಬಣ್ಣದ್ದು, ಒಂದು ಕಡೆ ಪೈಪು ಸೋರುತ್ತಿತ್ತು. ಯಾರೋ ಕಿಟಕಿಯಿಂದ ಕೈ ಬೀಸಿದರು. ಮೇಷ್ಟ್ರೂ ಬೀಸಿದರು. ಆಮೇಲೆ ಉಸಿರು ಸಾಲದೆ ಅರ್ಧ ಕಿಲೋಮೀಟರು ನಡೆದರು.

ಒಂದು ಗಂಟೆ ಮೂವತ್ತೇಳು ನಿಮಿಷಕ್ಕೆ ಗೆರೆ ದಾಟಿದರು. ಅವರ ಹಿಂದೆ ಹೆಚ್ಚು ಜನ ಇರಲಿಲ್ಲ. ಕಂಡಕ್ಟರಮ್ಮ ಬರಲು ಇನ್ನೂ ಹದಿನಾಲ್ಕು ನಿಮಿಷ ಹಿಡಿಯಿತು. ಬಾಯಿ ಬಿಗಿದುಕೊಂಡು, ನೆಲ ನೋಡುತ್ತಾ, ಒಂದೊಂದು ಹೆಜ್ಜೆಯನ್ನೂ ಕಣ್ಣಿನಿಂದ ಎತ್ತಿ ಇಡುತ್ತಾ ಬಂದಳು. ಮೈಕಿನವನು ಬಂದು ನಾಲ್ಕು ಮಾತು ಹೇಳಿ ಎಂದು ಗೋಗರೆದ. ಆಕೆ ಮೈಕು ತೆಗೆದುಕೊಂಡು "ನೀರು ಎಲ್ಲಿ ಕೊಡ್ತಾರೆ?" ಎಂದು ಕೇಳಿ ವಾಪಸು ಕೊಟ್ಟಳು. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು, ಆ ಮಾತಿನಲ್ಲೊಂದು 'ಸ'ಕಾರ ಇದ್ದಿದ್ದರೆ ಗಾಳಿ ಸೋರುತ್ತದೋ ಇಲ್ಲವೋ ಕೇಳಬಹುದಿತ್ತು ಅಂದುಕೊಂಡರು.

ಆ ವರ್ಷವೇ ಆಸ್ಪತ್ರೆಯ ಹಿಂದೆ ಹತ್ತು ಮಂಚದ ಕೋಣೆಗಳ ಕೆಲಸ ಶುರುವಾಯಿತು. ಕಂಡಕ್ಟರಮ್ಮನ ಪರೀಕ್ಷೆಗಳು ಚೆನ್ನಾಗಿ ಬಂದವು. ಬಸ್ಸಿಗೆ ಮರಳಿದಳು, ಮೊದಲಿಗೆ ಅರ್ಧ ದಿನದ ಪಾಳಿ. ಭಯ ಹೋಯಿತೇ ಎಂದು ಮೇಷ್ಟ್ರು ಒಂದು ದಿನ ಕೇಳಿದರು. ಇಲ್ಲ ಅಂದಳು. ಅವರು ಏನನ್ನೂ ರಿಪೇರಿ ಮಾಡಲು ಹೋಗಲಿಲ್ಲ, ಜೊತೆಗೆ ನಡೆದರು. ಓಟ ವಾರಕ್ಕೆರಡು ದಿನಕ್ಕೆ ಇಳಿಯಿತು, ನಿಲ್ಲಲಿಲ್ಲ. ಅದರಿಂದ ಸುಖವಾಗುತ್ತದೆ ಎಂದೇನೂ ಅಲ್ಲ. ಐದು ಗಂಟೆಗೆ ಹೇಗೂ ಎಚ್ಚರವಾಗುತ್ತಿತ್ತು.

ಓಟ ಮುಗಿದು ಎರಡು ತಿಂಗಳಾಗಿರಬಹುದು. ಒಂದು ಬೆಳಿಗ್ಗೆ ಓಡಿ ಬಂದ ಮೇಷ್ಟ್ರು ಶೂ ಕೂಡ ಬಿಚ್ಚದೆ ಅಡುಗೆಮನೆಯ ಬಾಗಿಲಿಗೆ ಬಂದರು. ಮಗಳು ಚಹಾ ಸೋಸುತ್ತಿದ್ದಳು.

"ನಿಮ್ಮಮ್ಮ ಬಟ್ಟೆ ಒಣಗ ಹಾಕುವಾಗ ಕ್ಲಿಪ್ಪನ್ನ ಬಾಯಲ್ಲಿ ಕಚ್ಚಿಕೊಂಡೇ ನನ್ನ ಜೊತೆ ಜಗಳ ಆಡ್ತಿದ್ಲು. ಒಂದು ಮಾತೂ ಅರ್ಥ ಆಗ್ತಿರಲಿಲ್ಲ. ಹಸಿರು ಕ್ಲಿಪ್ಪು."

ಮಗಳು ಸೋಸುವುದನ್ನು ನಿಲ್ಲಿಸಿದಳು. ಕಾಯಿಲೆಗೂ ಮುಂಚಿನ ಅಮ್ಮನ ಮಾತನ್ನು ಅಪ್ಪ ತಾನಾಗಿ ಎತ್ತಿ ಎರಡು ವರ್ಷವಾಗಿತ್ತು.

"ಹಸಿರಲ್ಲ ಅಪ್ಪ, ನೀಲಿ."

"ಹಸಿರು. ನಾನೇ ತಂದಿದ್ದು."

"ನೀನು ತಂದಿದ್ದು ಮುರಿದುಹೋಯ್ತು. ಆಮೇಲೆ ಅವಳೇ ನೀಲಿ ತಂದ್ಲು."

"ಮುರಿಯೋ ಅಂಥದ್ದು ನಾನು ತರ್ತೀನಾ?"

ಅಪ್ಪ ಮಗಳು ಇಬ್ಬರೂ ಪಟ್ಟು ಬಿಡಲಿಲ್ಲ. ಸೋಸಿದ ಚಹಾ ಎರಡು ಲೋಟದಲ್ಲಿ ಕೆನೆಗಟ್ಟುತ್ತಾ ಕೂತಿತ್ತು.